ಬೆನ್ನಷ್ಟೇ ತೋರುವ ಪ್ರಾಣಿಯ ಲೆಕ್ಕ

ಸವಳಂಗದವರಿಗೆ ಕಡಲು ದೂರ. ಶಿವಮೊಗ್ಗ, ಸಾಗರ ದಾಟಿ ಹೊನ್ನಾವರದ ಕಡೆಗೆ ಘಟ್ಟ ಇಳಿಯಬೇಕು. ನೀರಲ್ಲಿ ಬದುಕುವ ಸಸ್ತನಿ ಎಂದರೆ ಈ ಸೀಮೆಗೆ ಹತ್ತಿರದ್ದು ನೀರುನಾಯಿ. ಹೊನ್ನಾಳಿಯ ಮಗ್ಗುಲಲ್ಲಿ ಹರಿಯುವ ಇದೇ ತುಂಗಭದ್ರೆಯ ಕೆಳಹರಿವಿನಲ್ಲಿ, ಕಂಪ್ಲಿಯವರೆಗಿನ 34 ಕಿ.ಮೀ. ನದಿಯನ್ನು 2015ರಲ್ಲಿ ಅದಕ್ಕೆಂದೇ ಮೀಸಲಿಟ್ಟರು. ನೀರುನಾಯಿ ಕಣ್ಣಿಗೆ ಬೀಳದಿದ್ದರೂ ಬಂಡೆಯ ಮೇಲೆ ಹಿಕ್ಕೆ ಬಿಟ್ಟಿರುತ್ತದೆ. ಒಣಗಿದ್ದನ್ನು ಕೆದಕಿದರೆ ಮೀನಿನ ಹುರುಪೆ, ಮುಳ್ಳು, ಏಡಿ ಚಿಪ್ಪಿನ ಚೂರು. ಊಟದ ವಿವರವೆಲ್ಲ ಅಲ್ಲೇ.

ಡಾಲ್ಫಿನ್ ಇಂಥ ಉಪಕಾರ ಮಾಡುವುದಿಲ್ಲ. ಕಾರವಾರದಲ್ಲಿ ಕಾಳಿ ನದಿ ಕಡಲು ಸೇರುವ ಆಸುಪಾಸಿನಲ್ಲಿ ಗೂನುಬೆನ್ನಿನ ಡಾಲ್ಫಿನ್‌ಗಳಿವೆ. ದಡಕ್ಕೆ ಹತ್ತಿರದ ಆಳವಿಲ್ಲದ ನೀರೇ ಅವುಗಳ ಠಿಕಾಣಿ. ಉಸಿರಿಗೆಂದು ಮೇಲೆ ಬಂದಾಗ ಬೆನ್ನು ಕಾಣುವುದು ಒಂದೆರಡು ಕ್ಷಣ. ಅಷ್ಟರಲ್ಲಿ ಬೆನ್ನಿನ ಈಜುರೆಕ್ಕೆಯ ಫೋಟೊ ತೆಗೆಯಬೇಕು. ಅದರ ಹಿಂಬದಿಯ ಅಂಚಿನಲ್ಲಿ ಕಚ್ಚಾಟದಿಂದಲೋ ಬಲೆಯ ದಾರದಿಂದಲೋ ಆದ ಸೀಳು, ಕಚ್ಚುಗಳಿರುತ್ತವೆ. ಒಂದರದ್ದು ಇನ್ನೊಂದಕ್ಕಿಲ್ಲ. ಕೆನಡಾದಲ್ಲಿ ವಿಜ್ಞಾನಿ ಮೈಕೆಲ್ ಬಿಗ್ 1970ರ ದಶಕದಲ್ಲಿ ಡಾಲ್ಫಿನ್ ಕುಟುಂಬದ ಓರ್ಕಾಗಳನ್ನು ಹೀಗೆ ಒಂದೊಂದಾಗಿ ಗುರುತಿಸಿದ ಮೇಲೆ ಈ ವಿಧಾನ ಜಗತ್ತಿನ ಹಲವು ಕಡಲುಗಳಿಗೆ ಹಬ್ಬಿತು.

ಲೆಕ್ಕ ಹುಟ್ಟುವುದು ಎರಡನೇ ಸಲ ಹೋದಾಗ. ಮೊದಲ ಸಲ 30 ರೆಕ್ಕೆಗಳ ಗುರುತು ಸಿಕ್ಕಿತೆನ್ನಿ. ಮುಂದಿನ ಸಲ ಸಿಕ್ಕ 20ರಲ್ಲಿ 10 ಹಳಬರೇ ಆಗಿದ್ದರೆ, ಅಂದರೆ ಅರ್ಧದಷ್ಟು, ಮೊದಲು ಗುರುತಾದ 30 ಕೂಡ ಒಟ್ಟು ಗುಂಪಿನ ಅರ್ಧ. ಹಾಗಾಗಿ ಗುಂಪು ಸುಮಾರು 60. ಅಷ್ಟರಲ್ಲಿ ಹುಟ್ಟಿದವು, ಸತ್ತವು, ಬೇರೆಡೆ ಹೋದವುಗಳಿಂದ ಈ ಗಣಿತ ಕೆಡುತ್ತದೆ. ತಿದ್ದುವುದಕ್ಕೆ ಬೇರೆ ಸೂತ್ರಗಳಿವೆ. ಫೋಟೊಗಾಗಿ ದೋಣಿ ಅಟ್ಟಿಸಿಕೊಂಡು ಹೋಗುವಂತಿಲ್ಲ, ಪ್ರಾಣಿಯ ಪಕ್ಕದಲ್ಲೇ ಅದರ ವೇಗಕ್ಕೆ ಸಾಗಬೇಕು. ಪ್ರವಾಸಿ ದೋಣಿಗಳು ಕಲಿಯಬೇಕಾದ ಪಾಠವೂ ಇದೇ. ಸೆಲ್ಫಿಗಾಗಿ ಹಿಂಡಿನ ನಡುವೆ ನುಗ್ಗುವುದು ನೋಡುವುದಲ್ಲ, ಬೆದರಿಸುವುದು. ಅಲೆಗಳ ತಲೆಯಲ್ಲಿ ಬಿಳಿನೊರೆ ಹೆಚ್ಚಿದರೆ ಆ ದಿನದ ಎಣಿಕೆ ಮುಗಿದಂತೆ; ನೊರೆ ಯಾವುದು, ಬೆನ್ನು ಯಾವುದು ತಿಳಿಯದು.

ನಮ್ಮ ಕರಾವಳಿಯ ಇನ್ನೊಂದು ಸಸ್ತನಿ ಪಾರ್ಪಸ್‌ಗೆ ಬೆನ್ನಿನ ರೆಕ್ಕೆಯೇ ಇಲ್ಲ! ಅದನ್ನು ಪತ್ತೆಹಚ್ಚಲು ನೀರಿಗೆ ಇಳಿಬಿಡುವ ಮೈಕು ಬೇಕು. ಮನುಷ್ಯರ ಕಿವಿಗೆ 20 ಕಿಲೋಹರ್ಟ್ಸ್ ಮೀರಿದ್ದು ಕೇಳದು. ಪಾರ್ಪಸ್‌ನ ಟಿಕ್‌ಟಿಕ್ 100 ಕಿಲೋಹರ್ಟ್ಸ್‌ಗಿಂತಲೂ ಮೇಲೆ. ಹಾಗಾಗಿ ಅದನ್ನು ಕೇಳುವ ಬದಲು ಕಂಪ್ಯೂಟರ್ ಪರದೆಯ ಮೇಲೆ ಗೆರೆಗಳಾಗಿ ಓದುತ್ತಾರೆ.

ದಡಕ್ಕೆ ಬಿದ್ದ ಹೆಣವೂ ದಾಖಲೆಯೇ. ಡಾಲ್ಫಿನ್ ಹಲ್ಲನ್ನು ಸೀಳಿ ಪದರ ಎಣಿಸಿದರೆ ವಯಸ್ಸು, ಹೊಟ್ಟೆ ಬಿಚ್ಚಿದರೆ ಊಟ, ಚರ್ಮದ ಮೇಲಿನ ಗೆರೆಗಳಲ್ಲಿ ಬಲೆಯ ಗುರುತು. ಆದರೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ ಬಲೆಗೆ ಸಿಕ್ಕಿ ಸತ್ತದ್ದನ್ನು ಮೀನುಗಾರ ಹೇಳಲು ಅಂಜುತ್ತಾನೆ. ಅವನ ಅಂಜಿಕೆ ಕಳೆಯದೆ ಎಷ್ಟು ದುಬಾರಿ ಕ್ಯಾಮೆರಾ ತಂದರೂ ಸತ್ತವುಗಳ ಲೆಕ್ಕ ಪೂರ್ತಿಯಾಗದು.