ಸುಮ್ಕಿರು ಅಂದರೆ ಭಯ ಸುಮ್ಮನಾಗುವುದಿಲ್ಲ

2020ರ ಏಪ್ರಿಲ್‌ನಲ್ಲಿ ಮಂಡ್ಯ ಜಿಲ್ಲೆಯ ಮೊದಲ ಕೊರೊನಾ ಪ್ರಕರಣಗಳು ಮಳವಳ್ಳಿಯಲ್ಲಿ ಕಂಡವು. ಬೀದಿಗಳು ಸೀಲ್‌ಡೌನ್ ಆದವು. ಮೇ ತಿಂಗಳಲ್ಲಿ ಮುಂಬೈಯಿಂದ ಮರಳಿದವರಲ್ಲಿ ಸೋಂಕು ಕಂಡಾಗ ಜಿಲ್ಲೆಯೇ ತಲ್ಲಣಿಸಿತು. "ಅವ್ವಾ, ನಂಗೂ ಬತ್ತದಾ?" ಎಂದು ಮಕ್ಕಳು ಕೇಳಿದರೆ, ಎಷ್ಟೋ ಮನೆಗಳಲ್ಲಿ ಸಿಕ್ಕ ಉತ್ತರ "ಸುಮ್ಕಿರು" ಅಷ್ಟೆ.

ಹೇಳದಿದ್ದರೆ ಮಗು ಹೆದರುವುದಿಲ್ಲ ಎಂಬುದು ನಮ್ಮ ನಂಬಿಕೆ. ಆದರೆ ಅಡ್ಡಗಟ್ಟಿದ ಬೀದಿ, ಫೋನಿನಲ್ಲಿ ಅಪ್ಪನ ತಗ್ಗಿದ ದನಿ, ಎಲ್ಲವೂ ಅದಕ್ಕೆ ಕಾಣುತ್ತವೆ, ಕೇಳುತ್ತವೆ. ನಾವು ಹೇಳದೆ ಬಿಟ್ಟದ್ದನ್ನು ಅದು ತಾನೇ ಕಟ್ಟಿಕೊಳ್ಳುತ್ತದೆ. ತಾನು ಹಟ ಮಾಡಿದ್ದಕ್ಕೇ ಅಜ್ಜಿಗೆ ಜ್ವರ ಬಂತು ಎಂದುಕೊಳ್ಳುವ ಎಳೆಯ ಮಕ್ಕಳಿದ್ದಾರೆ. ಟಿವಿಯಲ್ಲಿ ಒಂದೇ ದೃಶ್ಯ ಹತ್ತು ಸಲ ಬಂದರೆ, ಹತ್ತು ಸಲ ಹೊಸದಾಗಿ ನಡೆಯಿತು ಎಂದೇ ಅವರಿಗೆ ಅನಿಸಬಹುದು. ಟಿವಿ ಆರಿಸಿ, ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು "ನೀನೇನು ಕೇಳಿದೆ ಮಗಾ?" ಎನ್ನುವುದರಿಂದ ಮಾತು ಶುರುವಾಗಲಿ.

"ಹೆದರಿಸಿದರೇ ಹುಷಾರಾಗಿರ್ತವೆ" ಎಂಬ ಮಾತು ನನಗೆ ಎಲ್ಲಕ್ಕಿಂತ ಅಪಾಯಕಾರಿ ಅನಿಸುತ್ತದೆ. ಪೊಲೀಸ್ ಹಿಡ್ಕೊಂಡೋಯ್ತಾರೆ, ಆಸ್ಪತ್ರೇಲಿ ಸೂಜಿ ಚುಚ್ತಾರೆ ಎಂದು ಬೆದರಿಸಿದ ಮಗು ಮೈ ಸುಡುತ್ತಿದ್ದರೂ ಬಾಯಿ ಬಿಡದಿರಬಹುದು. ಡೆಂಗಿಯನ್ನೇ ನೋಡಿ. 2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗ ಎಂದು ಘೋಷಿಸಿತು. ಅದರಲ್ಲಿ ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೆಲವರಿಗೆ ನಿಜವಾದ ಗಂಡಾಂತರ ಶುರುವಾಗುವುದು ಆಗಲೇ. ತೀವ್ರ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಹೊಟ್ಟೆನೋವನ್ನು ಮಗುವೇ ಬಾಯಿಬಿಟ್ಟು ಹೇಳಬೇಕಲ್ಲ! ಬೈಗುಳದ ಭಯವಿದ್ದರೆ ಅದು ಹೇಗೆ ಹೇಳೀತು?

ಹಾಗೆಂದು "ನಿಂಗೇನೂ ಆಗಲ್ಲ" ಎಂದು ಆಣೆ ಇಡುವುದೂ ಬೇಡ. ನಾಳೆ ಜ್ವರ ಬಂದರೆ ನಮ್ಮ ಮಾತಿನ ಮೇಲಿನ ನಂಬಿಕೆಯೇ ಹೋಗುತ್ತದೆ. "ಬಂದ್ರೂ ಬರಬಹುದು ಕಣೋ. ಬಂದ್ರೆ ಡಾಕ್ಟ್ರ ಹತ್ರ ಹೋಗೋಣ, ತುಂಬಾ ಜನಕ್ಕೆ ವಾಸಿಯಾಗುತ್ತೆ" ಎಂದರೆ ಸಾಕು, ಅದು ನಿಜವೂ ಹೌದು.

"ಆ ಬೀದಿಯವರಿಂದ ಬಂತು" ಎಂಬ ಮಾತಂತೂ ಮಕ್ಕಳ ಕಿವಿಗೆ ಬೀಳಲೇಬಾರದು. ರೋಗಾಣುವಿಗೆ ಜಾತಿ, ಮತ, ಊರು ಇಲ್ಲ. ಆ ಮಾತು ಕೇಳಿದ ಮಗು ಶಾಲೆಯಲ್ಲಿ ಜೊತೆಯವನ ಪಕ್ಕ ಕೂರುವುದನ್ನೇ ಬಿಟ್ಟೀತು. ಡೆಂಗಿಯಂತೂ ಮುಟ್ಟಿದರೆ, ಜೊತೆಗೆ ಉಂಡರೆ ಅಂಟುವುದಿಲ್ಲ. ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಬರುತ್ತದೆ.

ವಾರಗಟ್ಟಲೆ ನಿದ್ದೆಗೆಟ್ಟು ಮಗು ಮಂಕಾಗಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ಭಯಕ್ಕೆ ಕೈತುಂಬ ಕೆಲಸವೂ ಒಂದು ಮದ್ದು. ಈಡಿಸ್ ಮೊಟ್ಟೆಯಿಡುವುದು ಮೋರಿಗಿಂತ ಹೆಚ್ಚಾಗಿ ನಾವೇ ಹಿಡಿದಿಟ್ಟ ತಿಳಿನೀರಿನಲ್ಲಿ. ಆ ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಪ್ರತಿ ಭಾನುವಾರ ಮಗುವಿನ ಕೈಗೆ ಟಾರ್ಚ್ ಕೊಟ್ಟು ಡ್ರಮ್ಮು, ತೆಂಗಿನ ಚಿಪ್ಪು, ಹಳೇ ಟೈರು ತೋರಿಸಿ. ನೀರಿನಲ್ಲಿ ಕುಣಿಯುವ ಹುಳು ಕಂಡೊಡನೆ "ಅಪ್ಪಾ, ಇಲ್ಲಿ ಅವೆ!" ಎಂದು ಕೂಗಲಿ. ಇಬ್ಬರೂ ಸೇರಿ ಆ ನೀರನ್ನು ಒಣನೆಲಕ್ಕೆ ಚೆಲ್ಲಿ.