ಹಳೆಯ ಹವಾಯಿಯನ್ ಗಿಟಾರ್‌ಗೆ ಮನೆಯಲ್ಲೇ ಮರುಹೊಳಪು

ನಮ್ಮಲ್ಲಿ ಕೆಲವರ ಮನೆಯ ಅಟ್ಟದ ಮೇಲೆ ಇಂದಿಗೂ ಒಂದು ಹಳೆಯ ಹವಾಯಿಯನ್ ಗಿಟಾರ್ ಇದ್ದೀತು. ತಂದೆಯವರೋ ಸೋದರಮಾವನೋ ತಾರುಣ್ಯದಲ್ಲಿ ತೊಡೆಯ ಮೇಲೆ ಮಲಗಿಸಿಕೊಂಡು ಚಿತ್ರಗೀತೆಗಳನ್ನು ನುಡಿಸಿದ ವಾದ್ಯವದು. ಮನೆಗೆ ಬಣ್ಣ ಬಳಿಸುವ ಸಂದರ್ಭದಲ್ಲಿ ಅದು ಕೆಳಗಿಳಿಯುತ್ತದೆ. ‘ಇದಕ್ಕೂ ಒಂದು ಪಾಲಿಶ್ ಮಾಡಿಬಿಡೋಣ’ ಎಂಬ ಮಾತು ಹುಟ್ಟುತ್ತದೆ. ಆ ಮಾತು ಕಾರ್ಯರೂಪಕ್ಕೆ ಬರುವ ಮುನ್ನ ಕೆಲವು ಸಂಗತಿಗಳನ್ನು ಅರಿತಿರುವುದು ಒಳಿತು. ಏಕೆಂದರೆ, ಒಮ್ಮೆ ಕೆರೆದು ತೆಗೆದ ಹಳೆಯ ಲೇಪವನ್ನು ಮರಳಿ ತರಲು ಸಾಧ್ಯವಿಲ್ಲ.

ಸ್ಟೀಲ್ ಗಿಟಾರ್ ಎಂಬ ಹೆಸರು ವಾದ್ಯದ ಒಡಲಿನಿಂದ ಬಂದುದಲ್ಲ. ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡಿನಿಂದ ಬಂದುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹವಾಯಿ ದ್ವೀಪಗಳಲ್ಲಿ ಈ ವಾದನಕ್ರಮ ರೂಪುಗೊಂಡಿತು. ಅದನ್ನು ಬೆಳೆಸಿ ಪ್ರಚುರಪಡಿಸಿದವರಲ್ಲಿ ಜೋಸೆಫ್ ಕೆಕುಕು ಅವರ ಹೆಸರು ಮೊದಲು ಬರುತ್ತದೆ. 1940ರ ದಶಕದಲ್ಲಿ ಕಲ್ಕತ್ತೆಯಲ್ಲಿ ನೆಲೆಸಿದ್ದ ಟಾವು ಮೋ ಅವರಂಥ ಕಲಾವಿದರಿಂದ ಅದು ನಮ್ಮ ದೇಶದಲ್ಲಿಯೂ ಬೇರೂರಿತು. ಮುಂಬಯಿಯ ಚಿತ್ರಸಂಗೀತದಲ್ಲಿ ವ್ಯಾನ್ ಶಿಪ್ಲಿ ಅದಕ್ಕೆ ಜನಪ್ರಿಯತೆ ತಂದರೆ, ಪಂಡಿತ್ ಬ್ರಿಜ್‌ಭೂಷಣ್ ಕಾಬ್ರಾ ಅದರಲ್ಲಿ ರಾಗಸಂಗೀತವನ್ನೇ ನುಡಿಸಿದರು. ಗೋಟುವಾದ್ಯ, ವಿಚಿತ್ರವೀಣೆಗಳ ಜಾರುನಾದಕ್ಕೆ ಒಗ್ಗಿದ್ದ ನಮ್ಮ ಕಿವಿಗಳಿಗೆ ಅದು ಪರಕೀಯವೆನಿಸಲಿಲ್ಲ.

ಇಂತಹ ವಾದ್ಯ ಕೈಗೆ ಬಂದಾಗ ಮಾಡಬೇಕಾದ ಮೊದಲ ಕೆಲಸ ಪಾಲಿಶ್ ಅಲ್ಲ, ಪರೀಕ್ಷೆ. ಎಲ್ಲ ಕೋನಗಳಿಂದಲೂ ಛಾಯಾಚಿತ್ರ ತೆಗೆದಿಟ್ಟುಕೊಳ್ಳಿ. ಒಳಗಿರುವ ತಯಾರಕರ ಚೀಟಿಯನ್ನು ಕೀಳಬೇಡಿ. ತಂತಿಗಳನ್ನು ಒಮ್ಮೆಲೇ ಕತ್ತರಿಸದೆ, ಎಲ್ಲವನ್ನೂ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿ. ತಂತಿಗಳನ್ನು ಹೊತ್ತ ಕುದುರೆ ಬುಡದಿಂದ ಎದ್ದಿದ್ದರೆ, ಮುಖದ ಹಲಗೆ ಉಬ್ಬಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಹೊಳಪಿನ ಯೋಚನೆಯನ್ನು ಬದಿಗಿಟ್ಟು, ವಾದ್ಯ ದುರಸ್ತಿ ಬಲ್ಲವರಿಗೆ ತೋರಿಸಿ. ಬಿಚ್ಚಿದ ತಿರುಪುಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿರಿಸಿ, ಯಾವುದು ಎಲ್ಲಿಯದೆಂದು ಬರೆದಿಡಿ.

ಅನಂತರ ಶುಚಿಗೊಳಿಸುವಿಕೆ. ಮೆತ್ತನೆಯ ಹತ್ತಿಬಟ್ಟೆಯನ್ನು ಸೌಮ್ಯವಾದ ಸೋಪಿನ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ತೇವ ತೆಗೆಯಬೇಕು. ಎಷ್ಟೋ ಬಾರಿ ಮಾಸಿದ್ದು ಲೇಪವಲ್ಲ, ಅದರ ಮೇಲೆ ಕುಳಿತ ಕೊಳೆಯೆಂದು ಈ ಹಂತದಲ್ಲೇ ತಿಳಿಯುತ್ತದೆ. ಕೆಲಸ ಇಲ್ಲಿಗೇ ಮುಗಿದರೆ ಅದಕ್ಕಿಂತ ಒಳ್ಳೆಯದಿಲ್ಲ.

ಮುಗಿಯದಿದ್ದರೆ, ಹಳೆಯ ಲೇಪ ಯಾವುದೆಂದು ಗುರುತಿಸಬೇಕು. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಕಡ್ಡಿಗೆ ಸುತ್ತಿದ ಹತ್ತಿಯಿಂದ ಒಂದು ಹನಿ ಸ್ಪಿರಿಟ್ ತಾಗಿಸಿ. ಲೇಪ ಅಂಟಂಟಾಗಿ ಕರಗಿದರೆ ಅದು ಅರಗು. ಸ್ಪಿರಿಟ್‌ಗೆ ಅಷ್ಟಾಗಿ ಜಗ್ಗದೆ ತಿನ್ನರ್‌ಗೆ ಕರಗಿದರೆ ಅದು ಲ್ಯಾಕರ್. ಎರಡಕ್ಕೂ ಬಗ್ಗದಿದ್ದರೆ ಈಚಿನ ಕಾಲದ ಪಾಲಿಯೂರಿಥೇನ್‌ನಂತಹ ಲೇಪವಿರಬಹುದು. ಲ್ಯಾಕರನ್ನು ಸಮನಾಗಿ ಸಿಂಪಡಿಸಲು ಯಂತ್ರವೂ ಅನುಭವವೂ ಬೇಕು. ಪಾಲಿಯೂರಿಥೇನ್ ತೆಗೆಯುವುದು ಅದಕ್ಕಿಂತ ಕಷ್ಟ. ಇವೆರಡನ್ನೂ ಮನೆಯಲ್ಲಿ ಮುಟ್ಟದಿರುವುದೇ ವಿವೇಕ.

ಅರಗಿನ ಲೇಪದ ಸೊಗಸೇ ಬೇರೆ. ಹೊಸ ಅರಗು ಹಳೆಯ ಅರಗನ್ನು ತುಸು ಕರಗಿಸಿ ಅದರೊಡನೆ ಒಂದಾಗುತ್ತದೆ. ಆದುದರಿಂದ ಹಳೆಯದನ್ನು ಕೆರೆಯುವ ಅಗತ್ಯವೇ ಬೀಳದು. ಅರಗು ನಮ್ಮ ದೇಶದ್ದೇ ಪದಾರ್ಥ. ಮುತ್ತುಗ, ಬೋರೆ ಮೊದಲಾದ ಮರಗಳ ಮೇಲೆ ಬದುಕುವ ಕೀಟಗಳು ಸ್ರವಿಸುವ ರಾಳ. ಜಾರ್ಖಂಡ್ ಇದರ ಮುಖ್ಯ ನೆಲೆ. ಬಣ್ಣದ ಅಂಗಡಿಗಳಲ್ಲಿ ಇದರ ಚಕ್ಕೆಗಳು ದೊರೆಯುತ್ತವೆ. 100 ಮಿಲಿಲೀಟರ್ ಸ್ಪಿರಿಟ್‌ಗೆ ಸುಮಾರು 20 ಗ್ರಾಂ ಚಕ್ಕೆ ಹಾಕಿ ರಾತ್ರಿಯಿಡೀ ನೆನೆಸಿ, ತೆಳುಬಟ್ಟೆಯಲ್ಲಿ ಸೋಸಿಕೊಳ್ಳಿ. ಬಹಳ ದಿನ ಇಟ್ಟ ದ್ರಾವಣ ಸರಿಯಾಗಿ ಗಟ್ಟಿಯಾಗದು. ಬೇಕಾದಷ್ಟನ್ನೇ ಹೊಸದಾಗಿ ಸಿದ್ಧಪಡಿಸುವುದು ಮೇಲು.

ಹತ್ತಿಯ ಉಂಡೆಯನ್ನು ನಯವಾದ ಹಳೆಯ ಬಟ್ಟೆಯಲ್ಲಿ ಗಂಟು ಕಟ್ಟಿ, ದ್ರಾವಣವನ್ನು ಹೀರಿಸಿ, ಮೇಲೆ ಒಂದು ಹನಿ ಎಣ್ಣೆ ಸವರಿ, ವಾದ್ಯದ ಮೇಲೆ ಹಗುರವಾಗಿ ಸುತ್ತು ಸುತ್ತಾಗಿ ಆಡಿಸಬೇಕು. ಕೈ ಒಂದೆಡೆ ನಿಂತರೆ ಬಟ್ಟೆ ಅಂಟಿ ಗುರುತು ಮೂಡುತ್ತದೆ. ತೆಳುವಾದ ಹಲವು ಲೇಪಗಳನ್ನು, ನಡುನಡುವೆ ಒಣಗಲು ಬಿಟ್ಟು, ಕೆಲವು ದಿನಗಳಲ್ಲಿ ಮುಗಿಸಬೇಕು. ತಂತಿ ಏರಿಸುವ ಮುನ್ನ ಎರಡು ಮೂರು ವಾರ ಕಾಯಿರಿ. ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗಾಳಿಯ ತೇವ ಸೇರಿ ಲೇಪ ಬೆಳ್ಳಗೆ ಮಂಕಾಗುತ್ತದೆ.

ಇನ್ನು ಕೆಲವು ಎಚ್ಚರಿಕೆಗಳು. ಸ್ಯಾಂಡ್ ಪೇಪರ್ ಬಳಸಲೇಬೇಕಾದರೆ 400ಕ್ಕಿಂತ ಒರಟಾದುದು ಬೇಡ. ಅಗ್ಗದ ವಾದ್ಯಗಳಲ್ಲಿ ಮೇಲಿನ ಮರದ ಪದರ ಹಾಳೆಯಷ್ಟು ತೆಳುವಾಗಿದ್ದು ಕ್ಷಣದಲ್ಲಿ ಸವೆದುಹೋಗುತ್ತದೆ. ಕೆಲವು ಹವಾಯಿಯನ್ ಗಿಟಾರ್‌ಗಳಲ್ಲಿ ಮೆಟ್ಟಿಲುಗಳಿರುವುದಿಲ್ಲ, ಬಣ್ಣದ ಗೆರೆಗಳಷ್ಟೇ ಇರುತ್ತವೆ. ಅವನ್ನು ಉಜ್ಜಿದರೆ ಸ್ವರಸ್ಥಾನವೇ ಅಳಿಸಿದಂತೆ. ವಿದ್ಯುತ್ ಗಿಟಾರ್ ಆದರೆ ಉಕ್ಕಿನ ನಾರನ್ನು ಹತ್ತಿರ ತರಬೇಡಿ. ಅದರ ಪುಡಿಯನ್ನು ಪಿಕಪ್‌ನ ಅಯಸ್ಕಾಂತ ಸೆಳೆದುಕೊಳ್ಳುತ್ತದೆ. ಹಳೆಯ ಬಣ್ಣಗಳಲ್ಲಿ ಸೀಸವಿರುವ ಸಾಧ್ಯತೆಯಿದೆ. ಬಣ್ಣ ಬಳಿದ ವಾದ್ಯವನ್ನು ಒಣಗಿದ್ದಾಗ ಉಜ್ಜಬಾರದು. ಸ್ಪಿರಿಟ್ ವಿಷ, ಮಕ್ಕಳ ಕೈಗೆ ಸಿಗದಂತಿರಲಿ. ಅರಗಿನ ಮನೆಯ ಕಥೆ ಕೇಳಿ ಬೆಳೆದವರಿಗೆ ಬೆಂಕಿಯ ವಿಚಾರ ಹೆಚ್ಚು ಹೇಳಬೇಕಿಲ್ಲ. ಕಿಟಕಿ ತೆರೆದಿಟ್ಟು, ಅಡುಗೆಯ ಒಲೆಯಿಂದಲೂ ದೇವರ ದೀಪದಿಂದಲೂ ದೂರ ಕುಳಿತು ಕೆಲಸ ಮಾಡಿ.

ಕುದುರೆಯ ಬಳಿ, ನುಡಿಸುವವರ ಬಲ ಅಂಗೈ ಒರಗುವ ಜಾಗದಲ್ಲಿ, ಲೇಪ ಸವೆದು ಮರ ಕಾಣುವುದುಂಟು. ಅದನ್ನು ದೋಷವೆಂದು ಮುಚ್ಚುವ ಮೊದಲು ಒಂದು ಗಳಿಗೆ ಯೋಚಿಸಿ. ಅದು ಮನೆಯ ಹಿರಿಯರೊಬ್ಬರು ವರ್ಷಗಟ್ಟಲೆ ಕೈಯಿಟ್ಟ ಜಾಗ. ತೆಳುವಾದ ಅರಗಿನ ಲೇಪ ಆ ಗುರುತನ್ನು ಕಾಪಾಡುತ್ತದೆ. ಕೆರೆದು ಬಳಿದ ಹೊಸ ಬಣ್ಣ ಅಳಿಸಿಬಿಡುತ್ತದೆ. ಮುಂದಿನ ತಲೆಮಾರಿಗೆ ಹೊಳೆಯುವ ವಾದ್ಯವನ್ನಷ್ಟೇ ಅಲ್ಲ, ಅದನ್ನು ನುಡಿಸಿದ ಕೈಯ ನೆನಪನ್ನೂ ಒಪ್ಪಿಸುವುದು ನಮ್ಮ ಹೊಣೆ. ಹೊಸ ತಂತಿ ಏರಿದ ದಿನ, ಆ ಸವೆದ ಜಾಗದಲ್ಲೇ ಮೊಮ್ಮಗುವಿನ ಅಂಗೈ ಒರಗಲಿ.