ಪ್ರಾಂಗ್‌ಹಾರ್ನ್ ಬೇಟೆ: ಹೊಸಬರು ತಿಳಿದಿರಬೇಕಾದದ್ದು

ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ಮೇಯುವ ಪ್ರಾಂಗ್‌ಹಾರ್ನ್ ನೋಡಲು ಜಿಂಕೆಯಂತಿದ್ದರೂ ಅದರ ಹತ್ತಿರದ ಸಂಬಂಧಿಗಳು ಜಿರಾಫೆ ಮತ್ತು ಒಕಾಪಿ. ವಯೋಮಿಂಗ್ ರಾಜ್ಯದಲ್ಲಿ ಇವುಗಳ ಸಂಖ್ಯೆ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಬೇಟೆಗೆ ಪರವಾನಗಿ ಬೇಕು. ಬಹುಪಾಲು ಪರವಾನಗಿಗಳನ್ನು ಲಾಟರಿ ಎತ್ತಿ ಹಂಚುತ್ತಾರೆ. ಖಾಸಗಿ ಜಮೀನಿಗೆ ಕಾಲಿಡಲು ಮಾಲೀಕರ ಒಪ್ಪಿಗೆ ಕಡ್ಡಾಯ.

ಹೊಸಬರನ್ನು ಸೋಲಿಸುವುದು ಈ ಪ್ರಾಣಿಯ ಓಟಕ್ಕಿಂತ ಹೆಚ್ಚಾಗಿ ಅದರ ಕಣ್ಣು. ತಲೆಯ ಎರಡೂ ಬದಿಗೆ ಉಬ್ಬಿ ನಿಂತ ದೊಡ್ಡ ಕಣ್ಣುಗಳಿಗೆ ಬಹುದೂರದ ಅಲುಗಾಟವೂ ಕಾಣುತ್ತದೆ. ಗಾಬರಿಯಾದರೆ ಹಿಂಭಾಗದ ಬಿಳಿ ಕೂದಲು ನಿಮಿರುತ್ತದೆ; ಅದನ್ನು ಕಂಡ ಹಿಂಡು ಗಂಟೆಗೆ 80 ಕಿ.ಮೀ. ಮೀರಿದ ವೇಗದಲ್ಲಿ ಓಟ ಕೀಳಬಲ್ಲದು. ಓಡುವ ಪ್ರಾಣಿಗೆ ಗುಂಡು ಹಾರಿಸಿದರೆ ಬರೀ ಗಾಯವಾಗುವ ಸಂಭವವೇ ಹೆಚ್ಚು. ದುರ್ಬೀನಿನಲ್ಲಿ ದೂರದಿಂದಲೇ ಹಿಂಡನ್ನು ಗುರುತಿಸಿ, ಹಳ್ಳ ದಿಬ್ಬಗಳ ಮರೆಯಲ್ಲಿ ಸಾಗಿ, ಕೊನೆಗೆ ಹೊಟ್ಟೆಯ ಮೇಲೆ ತೆವಳುತ್ತ ಸಮೀಪಿಸಬೇಕು. ಪಾಪಾಸುಕಳ್ಳಿ ಬೆಳೆಯುವ ನೆಲವಾದ್ದರಿಂದ ಅಂಗೈಗೂ ಮೊಣಕಾಲಿಗೂ ಕವಚ ಬೇಕೇ ಬೇಕು. ಪ್ರಾಂಗ್‌ಹಾರ್ನ್ ಬೇಲಿ ಹಾರುವುದು ಅಪರೂಪ, ತಂತಿಯ ಅಡಿ ನುಸುಳುವುದೇ ಹೆಚ್ಚು. ಆ ನುಸುಳುದಾರಿಯಲ್ಲೋ ನೀರಿನ ಬಳಿಯೋ ಹೊಂಚಿ ಕೂರುವವರೂ ಉಂಟು.

ಮಾಂಸಕ್ಕೆ ಕೆಟ್ಟ ವಾಸನೆಯೆಂಬ ದೂರಿಗೆ ಬಹುಪಾಲು ಕಾರಣ ಬೇಟೆಗಾರನ ಸೋಮಾರಿತನ. ಟೊಳ್ಳು ಕೂದಲಿನ ಚರ್ಮ ಶಾಖವನ್ನು ಹಿಡಿದಿಡುತ್ತದೆ. ಸೆಪ್ಟೆಂಬರಿನ ಬಿಸಿಲಿನಲ್ಲಿ ತಡಮಾಡದೆ ಕರುಳು ತೆಗೆದು, ಚರ್ಮ ಸುಲಿದು, ಮಾಂಸವನ್ನು ಐಸ್‌ಪೆಟ್ಟಿಗೆಗೆ ಸೇರಿಸಬೇಕು.